ಪ್ರಯಾರಿಟಿ 99 ಮಾಡಿದರೆ ಪ್ರಿಂಟರ್ ಓಡುತ್ತದೆಯಾ?

ಗುಂಪು: ನಮ್ಮ ಮನೆ

ಮಾವ (ಶಿವಮೊಗ್ಗ):
ಫಾರ್ವರ್ಡ್ ಆದ ಸಂದೇಶ
"ಮನೆ ಪ್ರಿಂಟರ್ ನಿಧಾನವೇ? ಅಂಗಡಿಯವರು ಹೇಳದ ಗುಟ್ಟು ಇಲ್ಲಿದೆ!! ಪ್ರಿಂಟರ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್‌ಗೆ ಹೋಗಿ ಪ್ರಯಾರಿಟಿಯನ್ನು 1ರಿಂದ 99ಕ್ಕೆ ಏರಿಸಿ. ಅಲ್ಲೇ 'ಪ್ರಿಂಟ್ ಡೈರೆಕ್ಟ್ಲಿ ಟು ದ ಪ್ರಿಂಟರ್' ಒತ್ತಿ. ಕ್ವಾಲಿಟಿ ಡ್ರಾಫ್ಟ್ ಇಡಿ. ಹಳೇ ಕೇಬಲ್ ಎಸೆದು ದುಬಾರಿ ಕೇಬಲ್ ಹಾಕಿ. ಪ್ರತಿ 20 ಹಾಳೆಗೊಮ್ಮೆ ಗೋಡೆಯ ಸ್ವಿಚ್ ಆಫ್ ಮಾಡಿ ಆನ್ ಮಾಡಿ. ಕೊನೆಗೆ ಈ ಲಿಂಕ್‌ನಿಂದ ಬೂಸ್ಟರ್ ಇಳಿಸಿಕೊಳ್ಳಿ. ವೇಗ 5 ಪಟ್ಟು! ಎಲ್ಲ ಗುಂಪಿಗೂ ಕಳಿಸಿ."

ಮಾವ (ಶಿವಮೊಗ್ಗ):
ಅಕ್ಕ, ಇದು ನಿನಗೇ ಕಳಿಸಿದ್ದು. ಪ್ರಿಂಟರ್ ನಿಧಾನ ಅಂತ ಹೇಳುತ್ತಿದ್ದೆಯಲ್ಲ.

ದೊಡ್ಡಮ್ಮ (ಹಾಸನ):
ಒಳ್ಳೇ ಹೊತ್ತಿಗೆ ಕಳಿಸಿದೆ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ನಾಳೆ ಸಂಜೆ ಗಣಿತ ಟೆಸ್ಟ್ ಇದೆ. 30 ಮಕ್ಕಳು, ತಲಾ 4 ಪುಟ. ಆ ಲಿಂಕ್ ಒತ್ತಲಾ?

ನಾನು:
ದೊಡ್ಡಮ್ಮ, ಲಿಂಕ್ ಒತ್ತಬೇಡಿ! ದಯವಿಟ್ಟು. ಅದೇ ಲ್ಯಾಪ್‌ಟಾಪಿನಲ್ಲಿ ನೀವು ಬ್ಯಾಂಕ್ ಕೆಲಸ ಮಾಡುತ್ತೀರಿ. ಪ್ರಿಂಟರ್‌ಗೆ ಬೇಕಾದ ಸಾಫ್ಟ್‌ವೇರ್ ಅಂದರೆ ಡ್ರೈವರ್ ಒಂದೇ. ಅದನ್ನು ಪ್ರಿಂಟರ್ ಕಂಪನಿಯ ವೆಬ್‌ಸೈಟಿನಿಂದ ಮಾತ್ರ ಇಳಿಸಿಕೊಳ್ಳಬೇಕು. ಯಾರೋ ಕಳಿಸಿದ ಬೂಸ್ಟರ್ ಒಳಗೆ ಏನಿದೆಯೋ ಯಾರಿಗೆ ಗೊತ್ತು?

ಮಾವ (ಶಿವಮೊಗ್ಗ):
ಲಿಂಕ್ ಬಿಡು ಪುಟ್ಟಿ. ಉಳಿದದ್ದು ಸರಿಯಾಗೇ ಇದೆ. ನಾನೇ ಬೆಳಿಗ್ಗೆ ಮಾಡಿ ನೋಡಿದೆ. 99 ಹಾಕಿದೆ, ಡ್ರಾಫ್ಟ್ ಇಟ್ಟೆ. ಕಣ್ಣಿಗೆ ಕಾಣುವಷ್ಟು ಫಾಸ್ಟ್ ಆಯಿತು.

ನಾನು:
ಎರಡನ್ನೂ ಒಟ್ಟಿಗೆ ಮಾಡಿದಿರಿ ಮಾವ. ಫಾಸ್ಟ್ ಆಗಿದ್ದು ಡ್ರಾಫ್ಟ್‌ನಿಂದ. ಪ್ರಯಾರಿಟಿ ಮತ್ತೆ 1ಕ್ಕೆ ಇಳಿಸಿ, ಡ್ರಾಫ್ಟ್ ಹಾಗೇ ಬಿಟ್ಟು, ಅದೇ ಪುಟ ತೆಗೆದು ನೋಡಿ. ವೇಗ ಅಷ್ಟೇ ಇರುತ್ತದೆ.
ಪ್ರಯಾರಿಟಿ ಅನ್ನುವುದು ಸರತಿ ಸಾಲಿನ ವಿಷಯ. ಒಂದೇ ಪ್ರಿಂಟರ್‌ಗೆ ಹತ್ತಾರು ಕೆಲಸ ಕಾಯುತ್ತಿದ್ದರೆ ಯಾವುದು ಮೊದಲು ಹೋಗಬೇಕು ಅನ್ನುವುದನ್ನು ಅದು ಹೇಳುತ್ತದೆ. ಇಂಕ್ ಚಿಮ್ಮುವ ಹೆಡ್ ಎಷ್ಟು ಜೋರಾಗಿ ಓಡಬೇಕು ಅನ್ನುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಮನೆಯಲ್ಲಿ ದೊಡ್ಡಮ್ಮ ಒಬ್ಬರೇ ಪ್ರಿಂಟ್ ಕೊಡುವಾಗ ಸಾಲು ಎಲ್ಲಿದೆ?

ಮಾವ (ಶಿವಮೊಗ್ಗ):
ಬ್ಯಾಂಕಿನಲ್ಲಿ ಇದ್ದಾಗ ನಮ್ಮ ಸಿಸ್ಟಮ್ ಹುಡುಗ ಇದೇ ಪ್ರಯಾರಿಟಿ ಏರಿಸಿ ಮ್ಯಾನೇಜರ್ ಪತ್ರ ಬೇಗ ತೆಗೆದುಕೊಡುತ್ತಿದ್ದ. ನಾನು ಕಣ್ಣಾರೆ ಕಂಡಿದ್ದೇನೆ. ಸುಮ್ನೆ ಹೇಳುತ್ತಿಲ್ಲ.

ನಾನು:
ಅದು ನಿಜ ಮಾವ. ಅಲ್ಲಿ ಇಡೀ ಶಾಖೆಗೆ ಒಂದೇ ಪ್ರಿಂಟರ್. ಮ್ಯಾನೇಜರ್ ಪತ್ರ ಸಾಲು ದಾಟಿ ಮುಂದೆ ಬರುತ್ತಿತ್ತು. ಆದರೆ ಒಂದು ಹಾಳೆ ಅಚ್ಚಾಗಲು ಹಿಡಿಯುವ ಹೊತ್ತು ಆಗಲೂ ಅಷ್ಟೇ ಇತ್ತು.

ಚಿನ್ನು:
ಅಕ್ಕ, ಕೇಬಲ್ ಲೆಕ್ಕ ನಾನು ಹಾಕಿದೆ. ಎ4 ಹಾಳೆ 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕೆ ಇಟ್ಟರೆ, ಸುಮಾರು 4960 × 7016 ಚುಕ್ಕೆ, ಅಂದರೆ 3.5 ಕೋಟಿ ಹತ್ತಿರ. ಬರೀ ಕಪ್ಪಾದರೆ ಚುಕ್ಕೆಗೆ ಒಂದು ಬಿಟ್. ಪುಟಕ್ಕೆ 4.3 ಎಂಬಿ ಆಸುಪಾಸು. ನಾಲ್ಕೂ ಬಣ್ಣ ಸೇರಿದರೆ 17 ಎಂಬಿ. ಹಳೇ ಯುಎಸ್‌ಬಿ 2.0 ಕೂಡ ಲೆಕ್ಕದ ಪ್ರಕಾರ ಸೆಕೆಂಡಿಗೆ 60 ಎಂಬಿ ಸಾಗಿಸುತ್ತದೆ. ಅದರಲ್ಲಿ ಅರ್ಧ ಸಿಕ್ಕಿದರೂ ಪುಟ ಒಂದು ಸೆಕೆಂಡಿನೊಳಗೆ ಹೋಗುತ್ತದೆ. ಕೇಬಲ್‌ಗೆ ದುಡ್ಡು ಹಾಕುವುದು ದಂಡ.

ನಾನು:
ಸರಿಯಾಗಿ ಹೇಳಿದೆ ಚಿನ್ನು. ಇಂಕ್ ಪ್ರಿಂಟರ್‌ನಲ್ಲಿ ಹೊತ್ತು ಹಿಡಿಯುವುದು ಹೆಡ್ ಓಡಾಡುವುದಕ್ಕೆ. ಹೆಡ್ ಹಾಳೆಯ ಮೇಲೆ ಎಷ್ಟು ಸಲ ಅತ್ತಿಂದಿತ್ತ ಹೋಗುತ್ತದೆ ಅನ್ನುವುದೇ ವೇಗ. ಹೈ ಕ್ವಾಲಿಟಿ ಅಂದರೆ ಒಂದೇ ಪಟ್ಟಿಯ ಮೇಲೆ ಹಲವು ಸಲ ಹೋಗಿ ಸಣ್ಣ ಸಣ್ಣ ಚುಕ್ಕೆ ಇಡುತ್ತದೆ. ಡ್ರಾಫ್ಟ್ ಅಂದರೆ ಕಡಿಮೆ ಸಲ ಹೋಗಿ, ಕಡಿಮೆ ಇಂಕ್‌ನಲ್ಲಿ ಮುಗಿಸುತ್ತದೆ. ಮಾವ, ನಿಮ್ಮ ಕಾಲದ ಡಾಟ್ ಮ್ಯಾಟ್ರಿಕ್ಸ್ ನೆನಪು ಮಾಡಿಕೊಳ್ಳಿ.

ಮಾವ (ಶಿವಮೊಗ್ಗ):
ಹೌದು, ಅದರಲ್ಲಿ ಎನ್‌ಎಲ್‌ಕ್ಯೂ ಅಂತ ಒಂದು ಬಟನ್ ಇತ್ತು. ಒತ್ತಿದರೆ ಒಂದೊಂದು ಸಾಲಿನ ಮೇಲೂ ಎರಡು ಸಲ ಹೋಗುತ್ತಿತ್ತು. ಡ್ರಾಫ್ಟ್‌ನಲ್ಲಿ ಒಂದೇ ಸಲ. ಲೆಡ್ಜರ್ ತೆಗೆಯುವಾಗ ನಾವು ಎನ್‌ಎಲ್‌ಕ್ಯೂ ಮುಟ್ಟುತ್ತಲೇ ಇರಲಿಲ್ಲ.

ನಾನು:
ಅದೇ ಸೂತ್ರ ಇವತ್ತಿಗೂ ನಡೆಯುತ್ತಿದೆ.

ದೊಡ್ಡಮ್ಮ (ಹಾಸನ):
ನೀವು ವಾದ ಮಾಡಿಕೊಳ್ಳಿ. ನನಗೆ ನಾಳೆ ಪೇಪರ್ ಬೇಕು. ಡ್ರಾಫ್ಟ್ ಇಟ್ಟೆ. ಬೇಗ ಬಂತು, ಆದರೆ ಮಸುಕು. ಕನ್ನಡ ಮೀಡಿಯಂ ಮಕ್ಕಳು, ಒತ್ತಕ್ಷರ ಒಡೆದು ಕಾಣುತ್ತದೆ. ಭಿನ್ನರಾಶಿಯ ಗೆರೆಯೂ ಅಳಿಸಿದ ಹಾಗಿದೆ. ಇದನ್ನು ಕೊಟ್ಟರೆ ಮಕ್ಕಳು ಲೆಕ್ಕ ಬಿಟ್ಟು ಅಕ್ಷರ ಹುಡುಕುತ್ತಾ ಕೂರಬೇಕು.

ನಾನು:
ಡ್ರಾಫ್ಟ್ ಬೇಡ ದೊಡ್ಡಮ್ಮ. ನೀವೇ ಓದಿ ತಿದ್ದಲು ಅದು ಸಾಕು, ಪರೀಕ್ಷೆಗೆ ಕೂತ ಮಗುವಿಗೆ ಸಾಲದು. ನಾರ್ಮಲ್‌ನಲ್ಲೇ ಬೇಗ ಬರುವ ಹಾಗೆ ಮಾಡೋಣ. ಪ್ರಿಂಟ್ ಕೊಡುವ ಕಿಟಕಿಯ ಫೋಟೋ ಕಳಿಸಿ. ಪ್ರಶ್ನೆಪತ್ರಿಕೆ ಫೈಲನ್ನೂ ಕಳಿಸಿ.

ದೊಡ್ಡಮ್ಮ (ಹಾಸನ):
(2 ಫೋಟೋ, 1 ಪಿಡಿಎಫ್)

ನಾನು:
ಸಿಕ್ಕಿತು! ಇಲ್ಲಿ ನೋಡಿ. ಪೇಪರ್ ಟೈಪ್ 'ಫೋಟೋ ಪೇಪರ್ ಗ್ಲಾಸಿ' ಅಂತಿದೆ, ಬಾರ್ಡರ್‌ಲೆಸ್, ಅಂದರೆ ಅಂಚು ಬಿಡದೆ ಅಚ್ಚು ಮಾಡುವುದು, ಟಿಕ್ ಆಗಿದೆ. ಮೊಮ್ಮಗುವಿನ ಫೋಟೋ ತೆಗೆದಿದ್ದಿರಿ ಅಲ್ವಾ, ಅವತ್ತಿನದೇ ಉಳಿದಿದೆ. ಗ್ಲಾಸಿ ಹಾಳೆ ಅಂದುಕೊಂಡು ಪ್ರಿಂಟರ್ ಮೆಲ್ಲಗೆ, ಹಲವು ಸಲ ಓಡುತ್ತಿದೆ. 'ಪ್ಲೇನ್ ಪೇಪರ್' ಮಾಡಿ. ಬಾರ್ಡರ್‌ಲೆಸ್ ತೆಗೆಯಿರಿ. ಕ್ವಯಟ್ ಮೋಡ್ ಕೂಡ ಆನ್ ಇದೆ. ಸದ್ದು ಕಡಿಮೆ ಮಾಡಲು ಅದು ವೇಗವನ್ನೇ ತಗ್ಗಿಸುತ್ತದೆ. ಅದನ್ನೂ ಆಫ್ ಮಾಡಿ.
ಇನ್ನು ಪಿಡಿಎಫ್. ಇದು ಟೈಪ್ ಮಾಡಿದ್ದಲ್ಲ, ಮೊಬೈಲಿನಲ್ಲಿ ತೆಗೆದ ಫೋಟೋ. ಹಾಳೆಯ ಹಿನ್ನೆಲೆ ನೋಡಿ, ಬಿಳಿ ಇಲ್ಲ. ಬೂದು ಬಣ್ಣ, ಮೂಲೆಯಲ್ಲಿ ನಿಮ್ಮ ಕೈ ನೆರಳು. ನನ್ನ ಡಿಟಿಪಿ ಅಂಗಡಿಗೆ ಬರುವ ಹತ್ತು ಜನರಲ್ಲಿ ಆರೇಳು ಜನ ಹೀಗೇ ತರುತ್ತಾರೆ. ನಮಗೆ ಅದು ಅಕ್ಷರ. ಪ್ರಿಂಟರ್‌ಗೆ ಅದು ಇಡೀ ಹಾಳೆ ತುಂಬಿದ ಬಣ್ಣದ ಚಿತ್ರ. ಅಕ್ಷರ ಮಾತ್ರ ಇದ್ದಿದ್ದರೆ ಸಾಲುಗಳ ನಡುವಿನ ಖಾಲಿ ಜಾಗವನ್ನು ಹೆಡ್ ಬಿಟ್ಟು ಮುಂದೆ ಹೋಗುತ್ತಿತ್ತು. ಈಗ ಖಾಲಿ ಜಾಗವೇ ಇಲ್ಲ. ಆ ಬೂದು ಬಣ್ಣ ಬರೆಯಲು ಮೇಲಿಂದ ಕೆಳಗಿನವರೆಗೆ ಓಡುತ್ತದೆ, ಬಣ್ಣದ ಇಂಕನ್ನೂ ಕುಡಿಯುತ್ತದೆ.

ಮಾವ (ಶಿವಮೊಗ್ಗ):
ಇದು ಆ ಮೆಸೇಜಿನಲ್ಲಿ ಇರಲೇ ಇಲ್ಲವಲ್ಲ.

ದೊಡ್ಡಮ್ಮ (ಹಾಸನ):
ಈಗ ಮತ್ತೆ ಟೈಪ್ ಮಾಡಲು ಆಗುವುದಿಲ್ಲ ಕಣೇ. ಜ್ಯಾಮಿತಿ ಚಿತ್ರ ಬೇರೆ ಇದೆ.

ನಾನು:
ಟೈಪ್ ಬೇಡ. ಮೊಬೈಲಿನ ಸ್ಕ್ಯಾನ್ ಆ್ಯಪ್‌ನಲ್ಲಿ 'ಬ್ಲ್ಯಾಕ್ ಅಂಡ್ ವೈಟ್' ಅಂತ ಫಿಲ್ಟರ್ ಇರುತ್ತದೆ. ಹಗಲು ಬೆಳಕಿನಲ್ಲಿ ನೆರಳು ಬೀಳದ ಹಾಗೆ ಮತ್ತೊಮ್ಮೆ ತೆಗೆದು ಆ ಫಿಲ್ಟರ್ ಹಾಕಿ. ಹಿನ್ನೆಲೆ ಪೂರ್ತಿ ಬಿಳಿ ಆಗಬೇಕು. ಪ್ರಿಂಟ್ ಕೊಡುವಾಗ ಗ್ರೇಸ್ಕೇಲ್ ಆರಿಸಿ.
ಮತ್ತೆ ಡ್ರೈವರ್‌ನಲ್ಲಿ 'ಬೈಡೈರೆಕ್ಷನಲ್' ಅಥವಾ 'ಹೈ ಸ್ಪೀಡ್' ಅಂತ ಇದ್ದರೆ ಟಿಕ್ ಇರಲಿ. ಆಗ ಹೆಡ್ ಹೋಗುವಾಗಲೂ ಬರುವಾಗಲೂ ಬರೆಯುತ್ತದೆ. ತ್ರಿಭುಜದ ನೇರ ಗೆರೆ ಅಂಕುಡೊಂಕಾಗಿ ಕಂಡರೆ ಒಂದು ಸಲ ಹೆಡ್ ಅಲೈನ್‌ಮೆಂಟ್ (ಹೆಡ್ ಸಾಲು ಸರಿಮಾಡುವುದು) ಮಾಡಿ.

ಮಾವ (ಶಿವಮೊಗ್ಗ):
ಆ ಸ್ವಿಚ್ ವಿಷಯ? ಅಕ್ಕ ಹೇಳಿದ್ದಳಲ್ಲ, ಮೊದಲು ಚೆನ್ನಾಗಿ ಬಂದು ಆಮೇಲೆ ಕುಂಟುತ್ತದೆ ಅಂತ. ಆಫ್ ಮಾಡಿದರೆ ತಣ್ಣಗಾಗುತ್ತದೆ. ಇದರಲ್ಲಿ ತಪ್ಪೇನು?

ನಾನು:
ಆ ಮೆಸೇಜಿನಲ್ಲಿ ನನಗೆ ಹೆಚ್ಚು ಸಿಟ್ಟು ಬಂದದ್ದು ಇದಕ್ಕೇ ಮಾವ. ಸತತವಾಗಿ ಓಡಿದಾಗ ಬಿಸಿಯಾಗಿ ಕೆಡಬಾರದು ಅಂತ ಇಂಕ್ ಪ್ರಿಂಟರ್ ತಾನೇ ನಿಧಾನ ಮಾಡಿಕೊಳ್ಳುತ್ತದೆ. ಅದು ರೋಗವಲ್ಲ, ರಕ್ಷಣೆ. ಎಪ್ಸನ್ ತನ್ನ ಕೈಪಿಡಿಗಳಲ್ಲಿ ಇದನ್ನು ಬಿಡಿಸಿ ಹೇಳಿದೆ. ಕನಿಷ್ಠ 30 ನಿಮಿಷ ಸುಮ್ಮನೆ ಬಿಡಿ, ಆದರೆ ಪವರ್ ಆನ್ ಇರಲಿ, ಆಫ್ ಮಾಡಿದರೆ ವೇಗ ವಾಪಸ್ ಬರುವುದಿಲ್ಲ ಅಂತ.
ಗೋಡೆಯ ಸ್ವಿಚ್ ಇನ್ನೂ ಕೆಟ್ಟದ್ದು. ಪ್ರಿಂಟರಿನ ಬಟನ್ ಒತ್ತಿ ಆಫ್ ಮಾಡಿದರೆ ಹೆಡ್ ತನ್ನ ಜಾಗಕ್ಕೆ ಹೋಗಿ ಮುಚ್ಚಿಕೊಳ್ಳುತ್ತದೆ. ಓಡುತ್ತಿರುವಾಗ ಗೋಡೆಯಲ್ಲಿ ಆಫ್ ಮಾಡಿದರೆ ಎಲ್ಲಿದೆಯೋ ಅಲ್ಲೇ ತೆರೆದು ನಿಲ್ಲಬಹುದು. ಇಂಕ್ ಒಣಗಿ ನಾಝಲ್, ಅಂದರೆ ಇಂಕ್ ಬರುವ ಸಣ್ಣ ತೂತು, ಕಟ್ಟಿಕೊಳ್ಳಬಹುದು. ಮತ್ತೆ ಆನ್ ಮಾಡಿದಾಗ ಕ್ಲೀನಿಂಗ್ ಶುರುವಾದರೆ ಹೊತ್ತೂ ಹೋಗುತ್ತದೆ, ಇಂಕೂ ಹೋಗುತ್ತದೆ.

ಮಾವ (ಶಿವಮೊಗ್ಗ):
ಹಾಗಾದರೆ ಪೆಟ್ಟಿಗೆ ಮೇಲೆ ನಿಮಿಷಕ್ಕೆ 30 ಪುಟ ಅಂತ ಹಾಕುವುದೇಕೆ? ಅಷ್ಟು ಬರದಿದ್ದರೆ ಜನ ಇಂಥ ಮೆಸೇಜ್ ನಂಬದೆ ಏನು ಮಾಡುತ್ತಾರೆ?

ನಾನು:
ಈ ಪ್ರಶ್ನೆ ಸರಿಯಾಗಿದೆ. ದೊಡ್ಡ ಅಕ್ಷರದಲ್ಲಿ ಹಾಕುವ ಸಂಖ್ಯೆ ಡ್ರಾಫ್ಟ್‌ನದು. ಎಪ್ಸನ್ ಎಲ್3250 ತೆಗೆದುಕೊಳ್ಳಿ. ಡ್ರಾಫ್ಟ್‌ನಲ್ಲಿ ಕಪ್ಪು 33 ಪುಟದವರೆಗೆ. ಐಎಸ್‌ಒ 24734 ಅನ್ನುವ ಅಂತರರಾಷ್ಟ್ರೀಯ ಅಳತೆಯಲ್ಲಿ ಕಪ್ಪು 10, ಬಣ್ಣ 5. ಎರಡೂ ವಿವರಪಟ್ಟಿಯಲ್ಲಿ ಇರುತ್ತವೆ. ಕೊಳ್ಳುವಾಗ ಎರಡನೆಯದನ್ನು ನೋಡಬೇಕು. ದೊಡ್ಡಮ್ಮನಂತೆ ಓದಿಸುವವರಿಗೆ ಆ ಸಂಖ್ಯೆಯೇ ಮುಖ್ಯ.

ಚಿನ್ನು:
'ಪ್ರಿಂಟ್ ಡೈರೆಕ್ಟ್ಲಿ' ಬಗ್ಗೆ ಹೇಳಲಿಲ್ಲ ಅಕ್ಕ.

ನಾನು:
ಅದು ಸ್ಪೂಲರ್, ಅಂದರೆ ಪ್ರಿಂಟ್ ಕೆಲಸವನ್ನು ಕಂಪ್ಯೂಟರಿನಲ್ಲಿ ಸಾಲಾಗಿ ಇಟ್ಟುಕೊಂಡು ಕಳಿಸುವ ವ್ಯವಸ್ಥೆ, ಅದನ್ನು ಬಿಟ್ಟು ನೇರ ಕಳಿಸುವುದು. ಪ್ರಿಂಟ್ ಮುಗಿಯುವವರೆಗೆ ವರ್ಡ್ ಕಟ್ಟಿಹಾಕಿದ ಹಾಗೆ ಕೂರಬಹುದು. ಸ್ಪೂಲ್ ಇರಲಿ, ಅದರಲ್ಲೇ 'ಸ್ಟಾರ್ಟ್ ಪ್ರಿಂಟಿಂಗ್ ಇಮ್ಮೀಡಿಯೆಟ್ಲಿ' ಇದ್ದರೆ ಸಾಕು.

ದೊಡ್ಡಮ್ಮ (ಹಾಸನ):
ಪ್ಲೇನ್ ಪೇಪರ್ ಮಾಡಿ ಹೊಸ ಸ್ಕ್ಯಾನ್ ಹಾಕಿದೆ. ಅಬ್ಬಾ, ಎಷ್ಟು ವ್ಯತ್ಯಾಸ! ಒತ್ತಕ್ಷರವೂ ಚೆನ್ನಾಗಿದೆ.

ಮಾವ (ಶಿವಮೊಗ್ಗ):
ಸಂತೋಷ. ಆದರೂ ನನ್ನ ಮಾತು ಕೇಳು ಅಕ್ಕ, ಒಂದು ಲೇಸರ್ ತೆಗೆದುಕೋ. ನಮ್ಮ ಬ್ಯಾಂಕಿನಲ್ಲಿ ಕ್ಯಾನನ್ ಎಲ್‌ಬಿಪಿ 2900 ಇತ್ತು. ನಿಮಿಷಕ್ಕೆ 12 ಪುಟ ಅಷ್ಟೇ, ಆದರೆ ಯಾವ ಪುಟ ಕೊಟ್ಟರೂ ಅದೇ ವೇಗ.

ನಾನು:
ಇದರಲ್ಲಿ ನಾನು ಮಾವನ ಕಡೆ. ಲೇಸರ್ ಇಡೀ ಪುಟವನ್ನು ಒಂದೇ ಬಾರಿಗೆ ಡ್ರಮ್ ಮೇಲೆ ಹಾಯಿಸುತ್ತದೆ. ಪುಟದಲ್ಲಿ ಎಷ್ಟು ಕಪ್ಪಿದೆ ಅನ್ನುವುದು ವೇಗಕ್ಕೆ ಲೆಕ್ಕಕ್ಕಿಲ್ಲ. ಟೋನರ್ ಪುಡಿಯನ್ನು ಹಾಳೆಗೆ ಅಂಟಿಸುವ ಫ್ಯೂಸರ್ ಬಿಸಿಯಾಗಬೇಕು, ಹಾಗಾಗಿ ಮೊದಲ ಪುಟ ಮಾತ್ರ ಸ್ವಲ್ಪ ತಡ. ವಾರ ವಾರ ಬರೀ ಕಪ್ಪು ಪ್ರಶ್ನೆಪತ್ರಿಕೆ ತೆಗೆಯುವವರಿಗೆ ಅದೇ ಸರಿ. ಆದರೆ ಟೋನರ್ ಖರ್ಚು ಟ್ಯಾಂಕ್ ಇಂಕಿಗಿಂತ ಜಾಸ್ತಿ. ರಜೆಯಲ್ಲಿ ಕೂತು ಲೆಕ್ಕ ಹಾಕೋಣ. ನಾಳೆಯ ಕೆಲಸ ಇದರಲ್ಲೇ ಆಗಲಿ.

ಚಿನ್ನು:
ದೊಡ್ಡಮ್ಮ, ಒಂದು ಸೆಟ್ ತೆಗೆದು ಜೆರಾಕ್ಸ್ ಮಾಡಿಸಬಹುದಲ್ಲ?

ದೊಡ್ಡಮ್ಮ (ಹಾಸನ):
ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯಲ್ಲಿ ನನ್ನ ಮಕ್ಕಳೇ ನಿಂತಿರುತ್ತಾರೆ. ಪೇಪರ್ ಇವತ್ತೇ ಹೊರಗೆ ಹೋಗುತ್ತದೆ. ಮನೆಯಲ್ಲೇ ತೆಗೆಯುತ್ತೇನೆ. ಎರಡೂ ಮಗ್ಗುಲು ಬೇಕು, ಹಾಳೆ ಉಳಿಸಬೇಕು.

ನಾನು:
ಹಾಗಾದರೆ ಆಟೋ ಡ್ಯುಪ್ಲೆಕ್ಸ್, ಅಂದರೆ ಪ್ರಿಂಟರ್ ತಾನೇ ಹಾಳೆ ತಿರುಗಿಸುವುದು, ಬೇಡ. ಒಂದೊಂದು ಹಾಳೆಗೂ ಇಂಕ್ ಒಣಗಲಿ ಅಂತ ಅದು ಕಾಯುತ್ತದೆ. ಮೊದಲು 1ನೇ ಪುಟ 30 ಪ್ರತಿ, ಆಮೇಲೆ 3ನೇ ಪುಟ 30 ಪ್ರತಿ ತೆಗೆಯಿರಿ. ಸಂಜೆ ಕಾಫಿ ಮುಗಿಸಿ ಬಂದು, ಅದೇ ಹಾಳೆಗಳ ಹಿಂದೆ 2 ಮತ್ತು 4. ಅಷ್ಟರಲ್ಲಿ ಇಂಕೂ ಒಣಗಿರುತ್ತದೆ, ಪ್ರಿಂಟರ್‌ಗೂ ಆ ಅರ್ಧ ಗಂಟೆ ಸಿಕ್ಕಿರುತ್ತದೆ. ಬಟನ್ ಆಫ್ ಮಾಡಬೇಡಿ.

ದೊಡ್ಡಮ್ಮ (ಹಾಸನ):
ಹಾಳೆ ತಿರುಗಿಸಿ ಇಡುವಾಗ ಯಾವ ಮಗ್ಗುಲು ಮೇಲೆ? ಹೋದ ಸಲ ಎಲ್ಲ ತಲೆಕೆಳಗಾಗಿತ್ತು.

ನಾನು:
ಒಂದು ಖಾಲಿ ಹಾಳೆ ತೆಗೆದುಕೊಳ್ಳಿ. ನಿಮಗೆ ಕಾಣುವ ಮಗ್ಗುಲಿನ ಮೇಲಿನ ಅಂಚಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ ಟ್ರೇನಲ್ಲಿಟ್ಟು ಒಂದೇ ಪ್ರಿಂಟ್ ಕೊಡಿ. ಅಕ್ಷರ ಗುರುತಿನ ಮಗ್ಗುಲಿಗೇ ಬಂತಾ, ತಲೆ ಗುರುತಿನ ಕಡೆಗೇ ಇದೆಯಾ ನೋಡಿ ಫೋಟೋ ಕಳಿಸಿ. ಆಮೇಲೆ ಉಳಿದ ಹಾಳೆ ಹೇಗೆ ಇಡಬೇಕು ಅಂತ ಹೇಳುತ್ತೇನೆ.