ಏಳು ಮಾತ್ರೆಯ ತಾಳದಲ್ಲಿ ‘ಒಂದು’ ಎಲ್ಲಿದೆ ಎಂದು ಕಿವಿಗೆ ತಿಳಿಯುವುದು ಹೇಗೆ?

ಪ್ರಶ್ನೆ: ಕೀಬೋರ್ಡ್ ಕಲಿಯುವವನು, ಸಿಂಧನೂರು

ಎರಡು ವರ್ಷದಿಂದ ಕೀಬೋರ್ಡ್ ಕಲಿಯುತ್ತಿದ್ದೇನೆ. ನಾಲ್ಕು, ಎಂಟು, ಹದಿನಾರರ ಲೆಕ್ಕಕ್ಕೆ ತೊಂದರೆಯಿಲ್ಲ. ಹೋದ ತಿಂಗಳು ರಾಯಚೂರಿನಲ್ಲಿ ಹಿಂದೂಸ್ತಾನಿ ಗಾಯನ ಕೇಳಲು ಹೋಗಿದ್ದೆ. ಏಳು ಮಾತ್ರೆಯ ರೂಪಕ ತಾಳದಲ್ಲಿ ಬಂದಿಶ್ (ಹಾಡುವ ರಚನೆ) ಶುರುವಾದದ್ದೇ ತಡ, ನನ್ನ ಕೈ ದಾರಿ ತಪ್ಪಿತು. ಏಳರವರೆಗೆ ಸರಿಯಾಗಿಯೇ ಎಣಿಸುತ್ತಿದ್ದೆ, ಆದರೆ ನನ್ನ ‘ಒಂದು’ ಬೀಳುವ ಹೊತ್ತಿಗೆ ಪಕ್ಕದ ಹಿರಿಯರ ಕೈ ಬೇರೆಲ್ಲೋ ಇರುತ್ತಿತ್ತು. ನಮ್ಮ ಓಣಿಯ ಭಜನಾ ಮಂಡಳಿಯಲ್ಲಿ ಸುಳಾದಿ (ನಡುವೆ ತಾಳ ಬದಲಾಗುವ ದಾಸರ ಹಾಡು) ಹಾಡುವಾಗಲೂ ಇದೇ ಪಾಡು. ಒಂದು ತಾಳ ಕೈಗೆ ಹತ್ತಿತು ಎನ್ನುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಇದನ್ನು ಕಿವಿಗೆ ಕಲಿಸುವ ದಾರಿ ಇದೆಯೇ?

ಉತ್ತರ: ತಬಲಾ ಶಿಕ್ಷಕ, ರಾಯಚೂರು

ನಿಮ್ಮ ಕಿವಿ ನಾಲ್ಕನೆಯ ಮಾತ್ರೆಯನ್ನು ‘ಒಂದು’ ಎಂದು ಹಿಡಿದಿದೆ. ನನ್ನಲ್ಲಿಗೆ ಬರುವ ಹೊಸಬರಲ್ಲಿ ಹೆಚ್ಚಿನವರಿಗೆ ಆಗುವುದು ಇದೇ. ರೂಪಕದ ಠೇಕಾ, ಅಂದರೆ ತಬಲಾದಲ್ಲಿ ಮತ್ತೆ ಮತ್ತೆ ಬರುವ ಪೆಟ್ಟುಗಳ ಸಾಲು, ಬಾಯಲ್ಲಿ ಹೇಳಿ ನೋಡಿ: ತಿಂ ತಿಂ ನಾ, ಧಿಂ ನಾ, ಧಿಂ ನಾ. ಹದಿನಾರು ಮಾತ್ರೆಯ ತೀನ್ ತಾಲದಲ್ಲಿ ಸಮ್, ಅಂದರೆ ‘ಒಂದು’, ಬಂದಾಗ ಡಗ್ಗಾ (ತಬಲಾ ಜೋಡಿಯಲ್ಲಿ ತಗ್ಗು ದನಿಯದು) ತುಂಬಿ ನುಡಿಯುತ್ತದೆ. ರೂಪಕದಲ್ಲಿ ಸಮ್ಮೇ ಖಾಲಿ, ಅಲ್ಲಿ ಡಗ್ಗಾ ತುಂಬುವುದಿಲ್ಲ. ಡಗ್ಗಾ ಮೊದಲು ತುಂಬಿ ಕೇಳುವುದು ನಾಲ್ಕರಲ್ಲಿ, ಮತ್ತೆ ಆರರಲ್ಲಿ. ಗಟ್ಟಿ ಪೆಟ್ಟಿನಲ್ಲೇ ಆರಂಭ ಹುಡುಕುವ ಅಭ್ಯಾಸ ನಿಮ್ಮನ್ನು ದಾರಿ ತಪ್ಪಿಸಿತು. ದನಿ ಹಗುರಾಗುವ ಜಾಗಕ್ಕೆ ಕಾಯಿರಿ.

ಎಣಿಕೆಯನ್ನು ಕೆಲವು ದಿನ ಬಿಟ್ಟೇಬಿಡಿ. ಕೇಳಬೇಕಾದದ್ದು ಕೀಲುಗಳನ್ನು, ಅಂದರೆ ಮಾತ್ರೆಗಳ ಗುಂಪುಗಳು ಸೇರುವ ಜಾಗಗಳನ್ನು. ರೂಪಕ ಮೂರು-ಎರಡು-ಎರಡು. ಬಲ್ಗೇರಿಯಾದ ರಚೆನಿತ್ಸಾ ಎಂಬ ಕುಣಿತದಲ್ಲೂ ಏಳೇ ಮಾತ್ರೆ, ಆದರೆ ಎರಡು-ಎರಡು-ಮೂರು. ಅಲ್ಲಿ ಉದ್ದದ ಹೆಜ್ಜೆ ಕೊನೆಗೆ ಬರುತ್ತದೆ, ನಮ್ಮಲ್ಲಿ ಮೊದಲಿಗೆ. ಏಳೆಂದು ಎಣಿಸುವ ಕಿವಿಗೆ ಎರಡೂ ಒಂದೇ, ಕುಣಿಯುವ ಕಾಲಿಗೆ ಖಂಡಿತ ಅಲ್ಲ.

ತಾಳ ಬದಲಾಗುವ ಮಾತಿಗೆ ಬಂದರೆ, ಮನೆಯಲ್ಲಿ ಜೋಳದ ರೊಟ್ಟಿ ಬಡಿಯುವಾಗ ಹತ್ತಿರ ಕುಳಿತು ಕೇಳಿ. ಅಂಗೈ ಪೆಟ್ಟಿನ ವೇಗ ಒಂದೇ ಇರುತ್ತದೆ, ಎಷ್ಟು ಪೆಟ್ಟಿಗೊಮ್ಮೆ ರೊಟ್ಟಿ ತಿರುಗುತ್ತದೆ ಎಂಬುದು ಬದಲಾಗುತ್ತದೆ. ನಾನು ಚಿಕ್ಕವನಿದ್ದಾಗ ಅವ್ವನ ಒಲೆಯ ಮುಂದೆ ಲಯ ಕಲಿತದ್ದು ಹೀಗೆ. ಪಾಶ್ಚಾತ್ಯ ಸಂಗೀತದಲ್ಲಿ ತಾಳ ಬದಲಾದಾಗಲೂ ಬಹಳ ಕಡೆ ಅತಿ ಚಿಕ್ಕ ಪೆಟ್ಟು ಹಾಗೆಯೇ ಮುಂದುವರಿಯುತ್ತದೆ. ಅದನ್ನು ಕಾಲ್ಬೆರಳಿನಲ್ಲಿ ಇಟ್ಟುಕೊಳ್ಳಿ, ಗುಂಪು ಬದಲಾದರೂ ನೆಲ ಕದಲುವುದಿಲ್ಲ.

ಉತ್ತರ: ಸುಳಾದಿ ಹಾಡುವವಳು, ಮಾನ್ವಿ

ತಮ್ಮಾ, ಸುಳಾದಿಯ ಮಾತು ನನಗಿರಲಿ. ವಿಜಯದಾಸರು ಹುಟ್ಟಿದ ಚೀಕಲಪರವಿ ನಮ್ಮ ಮಾನ್ವಿ ಸೀಮೆಯದೇ, ಇಲ್ಲಿ ಸುಳಾದಿ ಕೇಳುತ್ತಲೇ ಬೆಳೆದಿದ್ದೇವೆ. ಅದರಲ್ಲಿ ತಾಳ ಬದಲಾಗುವುದು ಒಂದು ನುಡಿ ಮುಗಿದ ಮೇಲೆ. ಸಾಹಿತ್ಯ ಬಾಯಿಗೆ ಬಂದಿದ್ದರೆ ತಿರುವು ಮೊದಲೇ ಗೊತ್ತಾಗುತ್ತದೆ, ಕೊನೆಗೆ ‘ಜತೆ’ ಎಂಬ ಮುಕ್ತಾಯದ ಸಾಲು ಬರುತ್ತದೆ.

ಅಲಂಕಾರದಲ್ಲಿ, ಅಂದರೆ ಕರ್ನಾಟಕ ಸಂಗೀತದ ಮೊದಲ ಸ್ವರಪಾಠಗಳಲ್ಲಿ, ಕಲಿಯುವ ಧ್ರುವ ತಾಳಕ್ಕೂ ಅಟ್ಟ ತಾಳಕ್ಕೂ ತಲಾ 14 ಅಕ್ಷರ (ಎಣಿಕೆ). ಧ್ರುವ ನಾಲ್ಕು-ಎರಡು-ನಾಲ್ಕು-ನಾಲ್ಕು, ಅಟ್ಟ ಐದು-ಐದು-ಎರಡು-ಎರಡು. ಎರಡನ್ನೂ ಒಂದರ ಬೆನ್ನಿಗೊಂದು ಕೈಯಲ್ಲಿ ಹಾಕಿ. ಹದಿನಾಲ್ಕು ಎಂಬ ಅಂಕಿ ಎಷ್ಟು ಕಡಿಮೆ ಹೇಳುತ್ತದೆ ಎಂದು ಆಗ ತಿಳಿಯುತ್ತದೆ.

ಪ್ರಶ್ನೆ ಕೇಳಿದವನು

ಗುರುಗಳೇ, ಅಕ್ಕಾ, ಹತ್ತು ದಿನ ಅಭ್ಯಾಸ ಮಾಡಿದೆ. ನಿನ್ನೆ ರಾತ್ರಿ ರೂಪಕದ ಧ್ವನಿಮುದ್ರಿಕೆ ಹಾಕಿ ಡಗ್ಗಾ ತುಂಬಿದ ಜಾಗವನ್ನು ‘ನಾಲ್ಕು’ ಎಂದುಕೊಂಡೆ. ಗಾಯಕರೂ ನಾನೂ ಒಂದೇ ಕಡೆ ಬಂದು ನಿಂತಾಗ ಮೈ ಜುಮ್ಮೆಂದಿತು! ತಿಹಾಯಿ ಬಂದಾಗ ಮಾತ್ರ ಮತ್ತೆ ಜಾರಿದೆ.

ತಬಲಾ ಶಿಕ್ಷಕ, ರಾಯಚೂರು

ಬಹಳ ಸಂತೋಷ. ತಿಹಾಯಿ ಎಂದರೆ ಒಂದೇ ತುಣುಕು ಮೂರು ಸಲ, ಸಾಮಾನ್ಯವಾಗಿ ಮೂರನೆಯದರ ಕೊನೆಯ ಪೆಟ್ಟು ಸಮ್ಮಿನ ಮೇಲೆ ಬೀಳುತ್ತದೆ. ಅದು ಬರುವಾಗ ತಬಲಾದ ಹಿಂದೆ ಓಡಬೇಡಿ. ತಿಂ ತಿಂ ನಾ ಎಂದು ನಿಮ್ಮ ಕೈಯಲ್ಲಿ ಠೇಕಾ ನಡೆಯುತ್ತಲೇ ಇರಲಿ. ತಬಲಾ ಅಲ್ಲಿಗೇ ಬಂದು ಸೇರುತ್ತದೆ.