ಘಾಟಿಯಲ್ಲಿ ಅಂಬಾಸಿಡರ್ ಕಾರು ಮುಗ್ಗರಿಸುತ್ತಿದೆ, ಪಾಯಿಂಟ್ ಹೊಸದು ಹಾಕಿದರೂ ಸರಿಯಾಗ್ತಿಲ್ಲ

ಮೂಡಿಗೆರೆಯಿಂದ:
ಅಪ್ಪ ಓಡಿಸುತ್ತಿದ್ದ ಅಂಬಾಸಿಡರ್, 1489 ಸಿಸಿ ಪೆಟ್ರೋಲ್. ನಿಂತಲ್ಲಿ ಎಂಜಿನ್ ಚೆನ್ನಾಗಿದೆ. ಚಾರ್ಮಾಡಿ ಘಾಟಿ ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ಮುಗ್ಗರಿಸುತ್ತದೆ, ಸೈಲೆನ್ಸರ್‌ನಲ್ಲಿ ಢಂ ಅನ್ನುತ್ತದೆ. ಕಾರ್ಬುರೇಟರ್ ತೊಳೆಸಿದೆ. ಪಾಯಿಂಟ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚುವ ಸ್ವಿಚ್), ಅದರ ಜೊತೆಗಿರುವ ಕಂಡೆನ್ಸರ್, ಪ್ಲಗ್ ಎಲ್ಲಾ ಹೊಸದು. ಮೂರು ದಿನ ಸರಿ ಇತ್ತು, ಮತ್ತೆ ಅದೇ ಕತೆ. ಈ ಗಾಡಿ ಮಾರುವ ಮನಸ್ಸಿಲ್ಲ. ದಯವಿಟ್ಟು ದಾರಿ ಹೇಳಿ.

ಸಕಲೇಶಪುರದಿಂದ:
ಮಳೆಗಾಲ ಅಲ್ವಾ, ಮೊದಲು ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿ ಒಳಗೆ ನೋಡಿ. ಎರಡು ಟರ್ಮಿನಲ್ ನಡುವೆ ಪೆನ್ಸಿಲ್‌ನಲ್ಲಿ ಗೀಚಿದ ಹಾಗೆ ಸಣ್ಣ ಕಪ್ಪು ಗೆರೆ ಇದ್ದರೆ ಕ್ಯಾಪ್ ಹೋಯ್ತು ಅಂತಲೇ ಲೆಕ್ಕ. ಒರೆಸಿದರೆ ಹೋಗುವುದಿಲ್ಲ. ವೈರ್ ಕೀಳುವ ಮೊದಲು ಗುರುತು ಹಾಕಿಕೊಳ್ಳಿ. ಸಿಲಿಂಡರ್‌ಗಳಿಗೆ ಕಿಡಿ ಹೋಗುವ ಆರ್ಡರ್ 1-3-4-2, ಕ್ಯಾಪ್ ಒಳಗಿನ ರೋಟರ್ ತಿರುಗುವುದು ಗಡಿಯಾರದ ಉಲ್ಟಾ ದಿಕ್ಕಿಗೆ.

ಮೂಡಿಗೆರೆಯಿಂದ:
ನೋಡಿದೆ ಅಣ್ಣ. ಕ್ಯಾಪ್ ಒಣಗಿದೆ, ಗೆರೆ ಇಲ್ಲ. ಪಾಯಿಂಟ್ ಗ್ಯಾಪ್ ಫೀಲರ್ ಗೇಜಿನಲ್ಲಿ 0.38 ಮಿಮೀ ಇದೆ.

ಹಾಸನದಿಂದ:
ಗ್ಯಾಪ್ ಸರಿಯಾಗಿಯೇ ಇದೆ. ಒಂದು ವಿಷಯ ಹೇಳಿ. ಮುಗ್ಗರಿಸುವಾಗ ಎಂಜಿನ್ ಮೆಲ್ಲಗೆ ಸೋಲುತ್ತದೆಯೋ, ಸ್ವಿಚ್ ಆಫ್ ಮಾಡಿದ ಹಾಗೆ ಒಮ್ಮೆಲೇ ಕಟ್ ಆಗುತ್ತದೆಯೋ? ಪೆಟ್ರೋಲ್ ತೊಂದರೆಯಾದರೆ ಸಾಮಾನ್ಯವಾಗಿ ಮೆಲ್ಲಗೆ. ಕಿಡಿಯ ತೊಂದರೆಯಾದರೆ ತಟ್ಟನೆ.

ಮೂಡಿಗೆರೆಯಿಂದ:
ತಟ್ಟನೆ! ಕಾಲು ತೆಗೆದರೆ ಮತ್ತೆ ಓಡುತ್ತದೆ.

ಹಾಸನದಿಂದ:
ಹಾಗಾದರೆ ಪಾಯಿಂಟ್‌ಗೆ ಹೋಗುವ ಪುಟ್ಟ ವೈರ್ ಮೇಲೆ ನನಗೆ ಅನುಮಾನ. ಪಾಯಿಂಟ್ ಕೂತಿರುವ ಪ್ಲೇಟನ್ನು ವ್ಯಾಕ್ಯೂಮ್, ಅಂದರೆ ಎಂಜಿನ್ ಗಾಳಿ ಎಳೆಯುವ ಸೆಳೆತ, ಎಳೆಯುತ್ತದೆ. ಆಕ್ಸಿಲರೇಟರ್ ಒತ್ತಿ ಬಿಟ್ಟಂತೆಲ್ಲಾ ಪ್ಲೇಟ್ ಅತ್ತಿತ್ತ ಸರಿಯುತ್ತದೆ, ಜೊತೆಗೆ ಆ ವೈರ್ ಕೂಡ ಬಾಗುತ್ತದೆ. ವರ್ಷಗಟ್ಟಲೆ ಬಾಗಿ ಬಾಗಿ ಒಳಗಿನ ತಂತಿ ತುಂಡಾಗುತ್ತದೆ, ಮೇಲಿನ ಕವರ್ ಮಾತ್ರ ಹಾಗೇ ಇರುತ್ತದೆ. ಕಣ್ಣಿಗೆ ಕಾಣುವುದೇ ಇಲ್ಲ. ಪಾಯಿಂಟ್ ಹಾಕುವಾಗ ವೈರ್ ಅಲುಗಾಡಿ ಸರಿ ಕೂತಿರಬೇಕು, ಅದಕ್ಕೇ ಮೂರು ದಿನ ಸರಿ ಇತ್ತು.

ಹೀಗೆ ನೋಡಿ. ಇಗ್ನಿಷನ್ ಆಫ್. ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್ ಪಕ್ಕದ ಟರ್ಮಿನಲ್‌ಗೆ ಬರುವ ಸಣ್ಣ ವೈರ್ ತೆಗೆಯಿರಿ. ಪಾಯಿಂಟ್ ಮುಚ್ಚಿರುವ ಜಾಗಕ್ಕೆ ಎಂಜಿನ್ ತಿರುಗಿಸಿ. ಮೀಟರನ್ನು ಓಮ್ಸ್‌ಗೆ ಇಟ್ಟು ಒಂದು ತುದಿ ಅದೇ ಟರ್ಮಿನಲ್‌ಗೆ, ಇನ್ನೊಂದು ಡಿಸ್ಟ್ರಿಬ್ಯೂಟರ್ ಬಾಡಿಗೆ. ಹತ್ತಿರ ಹತ್ತಿರ ಸೊನ್ನೆ ಬರಬೇಕು. ಈಗ ಕಾರ್ಬುರೇಟರ್ ಕಡೆಯಿಂದ ವ್ಯಾಕ್ಯೂಮ್ ಪೈಪ್ ಬಿಚ್ಚಿ ಬಾಯಿಂದ ಎಳೆಯಿರಿ. ಪ್ಲೇಟ್ ಸರಿಯುವಾಗ ಮೀಟರ್ ಜಿಗಿದರೆ ಕಳ್ಳ ಸಿಕ್ಕಿದ. ಪ್ಲೇಟಿನಿಂದ ಬಾಡಿಗೆ ಬರುವ ಅರ್ಥ್ ವೈರನ್ನೂ ಬಿಡಬೇಡಿ.

ಮೂಡಿಗೆರೆಯಿಂದ:
ಸಿಕ್ಕಿತು ಸರ್! ಎಳೆದ ಕೂಡಲೇ ಮೀಟರ್ ಓಪನ್, ಅಂದರೆ ಸಂಪರ್ಕ ಕಡಿದಿದೆ ಅಂತ ತೋರಿಸಿತು. ವೈರನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಜಗ್ಗಿದೆ. ಟರ್ಮಿನಲ್ ಪಕ್ಕದಲ್ಲಿ ಕವರ್ ರಬ್ಬರ್ ತರ ಉದ್ದ ಆಯ್ತು, ಒಳಗೆ ತಂತಿಯೇ ಇಲ್ಲ.

ಹಾಸನದಿಂದ:
ಬಹಳ ಸಂತೋಷ. ಮನೆ ವೈರಿಂಗಿನ ಗಟ್ಟಿ ತಂತಿ ಹಾಕಬೇಡಿ ಮಾರಾಯ್ರೆ, ಪ್ಲೇಟ್ ಸರಿಯಲು ಬಿಡುವುದಿಲ್ಲ, ಬೇಗ ಮುರಿಯುತ್ತದೆ. ತುಂಬಾ ಎಳೆ ಇರುವ ಮೆತ್ತನೆಯ ವೈರ್ ಹಾಕಿ, ಸ್ವಲ್ಪ ಸಡಿಲ ಬಿಡಿ. ಪಾಯಿಂಟ್ ನಟ್ ಹಾಕುವಾಗ ವೈರ್ ತುದಿ, ಕಂಡೆನ್ಸರ್ ತುದಿ ಎರಡೂ ಸ್ಪ್ರಿಂಗ್‌ಗೆ ತಾಗಬೇಕು, ನಡುವಿನ ಕಂಬಕ್ಕೆ ತಾಗಬಾರದು. ಪ್ಲಾಸ್ಟಿಕ್ ವಾಷರ್ ತಪ್ಪಿದರೆ ಕಿಡಿಯೇ ಬರುವುದಿಲ್ಲ.

ಮೂಡಿಗೆರೆಯಿಂದ:
ವೈರ್ ಹಾಕಿದೆ. ಇವತ್ತು ಕೊಟ್ಟಿಗೆಹಾರದಿಂದ ಘಾಟಿ ಇಳಿದು, ಅಮ್ಮನನ್ನು ಕೂರಿಸಿಕೊಂಡು ವಾಪಸ್ ಹತ್ತಿ ಬಂದೆ. ಜೋರು ಮಳೆ. ಒಂದು ಸಲವೂ ಮುಗ್ಗರಿಸಲಿಲ್ಲ.