ಮಿಡ್‌ನೈಟ್ ಬ್ಲೂ: ಗಿಟಾರ್ ಕಾರ್ಡ್ ಯಾಕೆ ಬಿಗಿಯಾಗಿ ಕೇಳಿಸುತ್ತೆ?

ಪ್ರಶ್ನೆ: ಜಾಝ್ ಗಿಟಾರ್ ವಾದಕ ಕೆನ್ನಿ ಬರೆಲ್ ಅವರ 1963ರ ‘ಮಿಡ್‌ನೈಟ್ ಬ್ಲೂ’ ಆಲ್ಬಮ್‌ನ ‘ಚಿಟ್ಲಿನ್ಸ್ ಕಾನ್ ಕಾರ್ನೆ’ ನುಡಿಸುವಾಗ ಸ್ವರ ಸರಿ ಬೀಳುತ್ತೆ, ಆ ನಿರಾಳತೆ ಮಾತ್ರ ಬರಲ್ಲ, ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಬಿಗಿ ಅನ್ನಿಸುತ್ತೆ. ಏನು ಮಾಡಲಿ?

ಉತ್ತರ 1: ಮೊದಲು ಆಲ್ಬಮ್‌ನಲ್ಲಿ ರೇ ಬರೆಟೊ ನುಡಿಸಿದ ಕಾಂಗಾ (ಕೈಯಿಂದ ಬಡಿಯುವ ಉದ್ದನೆಯ ಡ್ರಮ್) ಕೇಳಿ. ಇಲ್ಲಿ ಸ್ವಿಂಗ್ (ಒಂದು ಉದ್ದ, ಒಂದು ಗಿಡ್ಡ ಅನ್ನೋ ಲಯ) ಬೇಡ, ಏಯ್ತ್ ನೋಟ್‌ಗಳು (ಅರ್ಧ ತಾಳದ ಸ್ವರಗಳು) ಸಮವಾಗಿರಬೇಕು. ಇದು 12 ಬಾರ್‌ನ (ಬಾರ್ ಅಂದ್ರೆ ತಾಳದ ಒಂದು ಆವರ್ತ) ಬ್ಲೂಸ್. ಕಾರ್ಡ್ ಸಿ7 ಶಾರ್ಪ್ 9: 5ನೇ ತಂತಿ 3ನೇ ಫ್ರೆಟ್, 4ನೇ ತಂತಿ 2, 3ನೇ ತಂತಿ 3, 2ನೇ ತಂತಿ 4. ಮೀಟಿದ ತಕ್ಷಣ ಎಡಗೈ ಸಡಿಲಿಸಿ. ಕಾರ್ಡ್ ಎಳೆದರೆ ಕಾಂಗಾ ಮುಚ್ಚಿಹೋಗುತ್ತೆ, ಬಿಗಿ ಅನ್ನಿಸೋದು ಅದಕ್ಕೇ.

ಉತ್ತರ 2: ಒಪ್ಪಿದೆ. ಇನ್ನೊಂದು ವಿಷಯ, ಇದರಲ್ಲಿ ಪಿಯಾನೋನೂ ಇಲ್ಲ, ಆರ್ಗನ್ನೂ ಇಲ್ಲ. ಆ ಖಾಲಿ ಜಾಗವೇ ಆಲ್ಬಮ್‌ನ ಜೀವ, ತುಂಬಿಸೋಕೆ ಹೋಗಬೇಡಿ. ಸ್ಟ್ಯಾನ್ಲಿ ಟರೆಂಟೈನ್ ಸ್ಯಾಕ್ಸ್‌ನಲ್ಲಿ ಸಾಲು ಮುಗಿಸಿದ ಮೇಲೆ ಮಾತ್ರ ಕಾರ್ಡ್ ಹಾಕಿ. ಮೆಟ್ರೊನೋಮ್ (ತಾಳ ಬಡಿಯುವ ಸಾಧನ) 80ಕ್ಕಿಟ್ಟು, 2 ಮತ್ತು 4ನೇ ತಾಳಕ್ಕೆ ಮಾತ್ರ ಬಡಿಯುವಂತೆ ಅಭ್ಯಾಸ ಮಾಡಿ.

ಉತ್ತರ 3: ಸೋಲೋಗೆ ಬರೀ ಪೆಂಟಾಟಾನಿಕ್ (ಐದು ಸ್ವರಗಳ ಸ್ಕೇಲ್) ಸಾಲದು. ಬರೆಲ್ 1951ರಲ್ಲೇ ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿ ಜೊತೆ ರೆಕಾರ್ಡ್ ಮಾಡಿದವರು, ಬೆಬಾಪ್ (ವೇಗದ, ಸಂಕೀರ್ಣ ಜಾಝ್ ಶೈಲಿ) ಅವರ ಕೈಯಲ್ಲೇ ಇತ್ತು. ಕಾರ್ಡ್‌ನ ಸ್ವರಕ್ಕೆ ಅರ್ಧ ಸ್ವರ (ಒಂದು ಫ್ರೆಟ್) ಕೆಳಗಿನಿಂದ ಬಂದು ಸೇರಿ, ಆಮೇಲೆ ಒಂದು ಬಾರ್ ಸುಮ್ಮನಿರಿ.